ಇಪ್ಪತ್ನಾಲ್ಕು ಬುಟ್ಟಿಗಳ ತೂಕ

ಬೈಲಹೊಂಗಲ
26 ನವೆಂಬರ್ 2001

ಪದ್ಮಾ,

ನಿನ್ನ ಅಪ್ಪ ಅರವತ್ತೊಂದನೆಯ ವಯಸ್ಸಿನಲ್ಲಿ ನಿನ್ನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾಗಿದೆ ಎಂಬುದು ಈ ಪತ್ರದ ಸಾರಾಂಶ. ಸಾರಾಂಶ ಓದಿ ಪತ್ರ ಮಡಚಿಡಬೇಡ. ಹೋದ ಸಲದ್ದನ್ನು ಹಾಗೆಯೇ ಮಾಡಿದ್ದೀ ಎಂದು ನನ್ನ ಅನುಮಾನ. ಅದರಲ್ಲಿ ಮೂರು ಪ್ರಶ್ನೆ ಕೇಳಿದ್ದೆ, ಒಂದಕ್ಕೂ ಉತ್ತರ ಬರಲಿಲ್ಲ.

ನಮ್ಮ ಹತ್ತಿ ಜಿನ್ನಿಗೆ ಮುಂದಿನ ಹಂಗಾಮಿನಿಂದ ಹೊಸ ಮಷಿನ್ನುಗಳು ಬರುತ್ತವೆ. ಈಗ ನಿನಗೆ ಗೊತ್ತಿರುವಂತೆ ಇಪ್ಪತ್ನಾಲ್ಕು ಮಷಿನ್ನು, ಒಂದೊಂದರ ಮುಂದೆ ಒಬ್ಬ ಹೆಂಗಸು. ಅವಳು ಹಿಡಿ ಹಿಡಿಯಾಗಿ ಹತ್ತಿಯನ್ನು ಮಷಿನ್ನಿನ ಬಾಯಿಗೆ ಉಣಿಸುತ್ತಾಳೆ, ಮುಂದೆ ಅರಳೆ ಬೀಳುತ್ತದೆ, ಕೆಳಗೆ ಕಾಳು ಬೀಳುತ್ತದೆ. ಹೊಸದರಲ್ಲಿ ಉಣಿಸುವ ಕೆಲಸ ರಬ್ಬರಿನ ಪಟ್ಟಿಯದು. ಹನ್ನೆರಡು ಜನ ಸಾಕಂತೆ. ಹಾಗೆಂದು ಹೇಳಿದವನು ಮಷಿನ್ನಿನ ಕಂಪನಿಯವರು ಕಳಿಸಿದ ಸಲಹೆಗಾರ, ಸುಮೇಧ ಎಂಬ ಹುಡುಗ, ಬಹಳ ಸಭ್ಯ, ನನ್ನನ್ನು ಸರ್ ಎನ್ನುತ್ತಾನೆ. ಕ್ವಿಂಟಲಿಗೆ ಕೂಲಿಯ ಖರ್ಚು ನಮ್ಮಲ್ಲಿ ಬೇರೆಯವರಿಗಿಂತ ಹೆಚ್ಚಂತೆ. ಕಾಲೇಜಿನಲ್ಲಿ ಕಾಸ್ಟ್ ಆಫ್ ಪ್ರೊಡಕ್ಷನ್ ಎಂಬ ಅಧ್ಯಾಯವಿತ್ತು. ಅದರ ಚಿತ್ರ ನೆನಪಿದೆ, ಜೋಳಿಗೆಯ ಹಾಗೆ ಬಾಗಿದ ಗೆರೆ. ಅರ್ಥ ಹೋಗಿದೆ.

ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದನ್ನು ಫೆಬ್ರುವರಿ ಮುಗಿಯುವುದರೊಳಗೆ ನಾನು ಹೇಳಬೇಕು. ನಾನು! ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿ ಬಂದವರ ಹೆಸರು ಬರೆದೆ, ಹೋದವರ ಹೊತ್ತು ಬರೆದೆ, ಅಷ್ಟೇ. ಜಿನ್ನಿನ ಸಾವಕಾರ ಬಸಲಿಂಗಪ್ಪನವರು ಚಹಾ ತರಿಸಿ ಹೇಳಿದರು: “ಕುಲಕರ್ಣಿಯವರ, ನಾ ಹೆಸರು ಹೇಳಿದ್ರ ಊರ ಮಂದಿ ನನಗ ಬೈತೈತಿ. ಗಡಿಯಾರ ಹೇಳಿದ್ರ ಯಾರಿಗೆ ಬೈತಾರ?”

“ಗಡಿಯಾರ ಹಿಡದವಗ ಬೈತಾರ್ರಿ” ಎಂದೆ.

ಅವರು ನಕ್ಕರು. ಗಡಿಯಾರ ಮಾತ್ರ ನನ್ನ ಕೈಗೇ ಬಂತು. ಸ್ಟಾಪ್‌ವಾಚ್. ಮೇಲಿನ ಗುಂಡಿ ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ನಿನ್ನ ಪಂಪಿನ ಕಾರ್ಖಾನೆಯಲ್ಲಿ ನೀನು ದಿನಾಲೂ ಮಾಡುವುದು ಇದೇ ಅಲ್ಲವೆ? ಹೇಗೆ ಮಾಡುತ್ತೀ, ಬರೆ. ಅನ್ಯಾಯ ಆಗಬಾರದು.

ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆಯುತ್ತಿರುವ
ನಿನ್ನ ಅಪ್ಪ, ರಘೋತ್ತಮ


ಕೊಲ್ಲಾಪುರ
4 ಡಿಸೆಂಬರ್ 2001

ಅಪ್ಪಾ,

ಪತ್ರ ಪೂರ್ತಿ ಓದಿದೆ. ಹೋದ ಸಲದ್ದನ್ನೂ ಓದಿದ್ದೆ. ಉತ್ತರಗಳು: ಹೌದು, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಬೇಡ, ವರ ನೋಡಬೇಡಿ. ಎರಡು ವರ್ಷದಿಂದ ಊರಿಗೆ ಏಕೆ ಬಂದಿಲ್ಲ ಎಂಬ ಮೂರನೆಯದಕ್ಕೆ ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಕೆಲಸಕ್ಕೆ ಸ್ಟಾಪ್‌ವಾಚಿಗಿಂತ ತಕ್ಕಡಿ ಮುಖ್ಯ. ಪ್ರತಿ ಮಷಿನ್ನಿನ ಅರಳೆ ಬೇರೆ ಬುಟ್ಟಿಗೆ ಬೀಳಲಿ. ಗಂಟೆಗೊಮ್ಮೆ ಇಪ್ಪತ್ನಾಲ್ಕೂ ಬುಟ್ಟಿ ತೂಗಿ. ಒಂದು ದಿನ ಸಾಲದು, ಎರಡು ವಾರ ಮಾಡಿ. ಒಂದೇ ಊರಿನ ಹತ್ತಿ ಇರಲಿ, ಕೆಲವರಿಗೆ ಹಸಿ, ಕೆಲವರಿಗೆ ಒಣ ಆದರೆ ಲೆಕ್ಕ ಕೆಡುತ್ತದೆ. ಹೆಸರು ಬರೆಯಬೇಡಿ, ಮಷಿನ್ನಿನ ನಂಬರು ಮಾತ್ರ ಬರೆಯಿರಿ. ಹೆಸರು ಬರೆದರೆ ಕೈ ನಡುಗುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು. ಕಳೆದ ವರ್ಷ ನಾನು ಕೆಲಸದಿಂದ ತೆಗೆಯಬೇಕಾದ ಮೂವತ್ತೊಂದು ನಂಬರುಗಳ ಪಟ್ಟಿ ಕೊಟ್ಟೆ. ನಡುಗಲಿಲ್ಲ.

ಎರಡು ವಾರದ ಕೊನೆಗೆ ಅಂಕಿಗಳು ತಾವೇ ಸಾಲಾಗಿ ನಿಲ್ಲುತ್ತವೆ. ನೀವು ಆರಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಪದ್ಮಜಾ


ಬೈಲಹೊಂಗಲ
22 ಡಿಸೆಂಬರ್ 2001

ಪದ್ಮಾ,

ನೀನು ಹೇಳಿದ ಹಾಗೆ ಅಕ್ಷರಶಃ ಮಾಡಿದೆ. ಅಂಕಿಗಳು ಸಾಲಾಗಿ ನಿಂತವು. ಆದರೆ ಎಲ್ಲವೂ ಒಂದೇ ಎತ್ತರ!

ಮುನವಳ್ಳಿಯ ಹತ್ತಿ, ಒಂದೇ ಹೊಲದ್ದು, ಗರಿಗರಿ ಒಣಗಿದ್ದು. ಮಷಿನ್ನು ಒಂದು, ಗಂಟೆಗೆ ಹದಿನೆಂಟು ಕಿಲೋ. ಎರಡು, ಹದಿನೆಂಟು. ಮೂರು, ಹದಿನೆಂಟಕ್ಕೆ ನೂರು ಗ್ರಾಂ ಕಡಿಮೆ. ಹೀಗೇ ಇಪ್ಪತ್ನಾಲ್ಕರ ತನಕ, ಹೀಗೇ ಹನ್ನೆರಡು ದಿನ. ತಕ್ಕಡಿ ಕೆಟ್ಟಿರಬೇಕೆಂದು ಪೇಟೆಯ ತೂಕದ ಗಂಗಯ್ಯನನ್ನು ಕರೆಸಿದೆ. ಅವನು ಕಲ್ಲು ಹಾಕಿ ನೋಡಿ, “ತಕ್ಕಡಿ ನೆಟ್ಟಗೈತ್ರಿ, ನಿಮಗs ನಂಬಿಕಿ ಇಲ್ಲ” ಎಂದು ಚಹಾ ಕುಡಿದು ಹೋದ. ಸರಾಸರಿಯ ಲೆಕ್ಕದ ಮೀನ್, ಮೀಡಿಯನ್, ಮೋಡ್ ಎಂಬ ಮೂವರು ಅಣ್ಣತಮ್ಮಂದಿರನ್ನು ಕಾಲೇಜಿನಲ್ಲಿ ಪರಿಚಯಿಸಿದ್ದರು. ಯಾರು ಯಾರೆಂದು ಈಗ ಗುರುತು ಹತ್ತುವುದಿಲ್ಲ. ಇಲ್ಲಿ ಮಾತ್ರ ಮೂವರೂ ಒಂದೇ ಜಗುಲಿಯ ಮೇಲೆ ಕೂತಿದ್ದಾರೆ.

ಏಳನೆಯ ಮಷಿನ್ನಿನಲ್ಲಿ ಕಾಡವ್ವ ಇದ್ದಾಳೆ. ನನಗಿಂತ ದೊಡ್ಡವಳು. ಬಲಗೈಯ ಎರಡು ಬೆರಳು ಹಳೆಯ ಕಾಲದಲ್ಲೇ ಮಷಿನ್ನಿಗೆ ಹೋಗಿವೆ, ಉಳಿದ ಮೂರು ಈಗ ಮಡಚುವುದಿಲ್ಲ. ಅವಳ ಮಗ್ಗುಲಿಗೆ ಎಂಟರಲ್ಲಿ ಗುರುಬಸವ್ವ, ನಮ್ಮ ಹಿಂದಿನ ಓಣಿಯವಳು, ನಲವತ್ತೆರಡರ ಗಟ್ಟಿ ಹೆಂಗಸು, ಅವಳ ಕೈ ಕಣ್ಣಿಗೆ ಸಿಗುವುದಿಲ್ಲ. ಅವಳೂ ಹದಿನೆಂಟು, ಇವಳೂ ಹದಿನೆಂಟು. ಇದನ್ನು ಹೇಗೆ ನಂಬಲಿ?

ನಾನು ಗಡಿಯಾರ ಹಿಡಿದು ಎದುರಿಗೆ ನಿಂತರೆ ಅವರಿಗೆ ಜಾತ್ರೆ. “ಸಾಹೇಬ್ರ, ಅದನ್ನ ಎದಿಗೆ ಯಾಕ ಹಿಡ್ಕೊಂಡೀರಿ? ಬಡ್ಕೊಳ್ಳಾಕತ್ತಿದ್ದು ಗಡಿಯಾರನೋ ಎದಿನೋ?” ಎಂದು ಒಬ್ಬಳು. “ಕುದರಿ ರೇಸ್ ಐತ್ಯಂತ, ಮುದಿಕುದರಿ ಮ್ಯಾಲ ಯಾರ ಹಣಾ ಕಟ್ಟೀರಿ?” ಎಂದು ಕಾಡವ್ವ ತಾನೇ ಕೇಳಿ ತಾನೇ ನಕ್ಕಳು. ಬಿಡಬೇಕಾದವರ ಪಟ್ಟಿಯ ವಿಷಯ ಅವರಿಗೆ ಗೊತ್ತಿದೆ. ಗೊತ್ತಿದ್ದೂ ನಗುತ್ತಾರೆ.

ಸುಮೇಧ ನನ್ನ ಕಾಗದ ನೋಡಿ, “ಸರ್, ಇದು ಸಾಧ್ಯನೇ ಇಲ್ಲ” ಎಂದ. ನೀನೂ ಹಾಗೇ ಅನ್ನುತ್ತೀಯಾ?

ಎಲ್ಲಿ ತಪ್ಪಿದೆನೆಂದು ತಿಳಿಯದ
ಅಪ್ಪ


ಕೊಲ್ಲಾಪುರ
2 ಜನವರಿ 2002

ಅಪ್ಪಾ,

ನಾನೂ ಹಾಗೇ ಅನ್ನುತ್ತೇನೆ. ಇಪ್ಪತ್ನಾಲ್ಕು ಜನ ಕೆಲಸ ಮಾಡಿದರೆ ಅಂಕಿ ಹರಡಲೇಬೇಕು. ಹರಡಿಲ್ಲವೆಂದರೆ ಅಲ್ಲಿ ಏನೋ ಮುಚ್ಚಿಕೊಂಡಿದೆ.

ಬುಟ್ಟಿ ನೋಡುವುದನ್ನು ಬಿಡಿ, ಕೈ ನೋಡಿ. ಎದುರಿಗೆ ನಿಲ್ಲಬೇಡಿ. ಚೀಟಿಗಳ ಮೇಲೆ ಬೇರೆ ಬೇರೆ ಹೊತ್ತು ಬರೆದು ಡಬ್ಬಿಯಲ್ಲಿ ಹಾಕಿ, ಕಣ್ಣು ಮುಚ್ಚಿ ಎತ್ತಿ. ಬಂದ ಹೊತ್ತಿಗೆ ಹೋಗಿ, ಕಾಣದ ಕಡೆಯಿಂದ ಹತ್ತು ನಿಮಿಷ ನೋಡಿ. ನಿಮಗೇ ಗೊತ್ತಿಲ್ಲದ ಹೊತ್ತು ಅವರಿಗೂ ಗೊತ್ತಿರುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ಮಾತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ. ಅವ್ವನ ಕೊನೆಯ ವರ್ಷ ಮನೆಯ ಕೆಲಸ ಒಂದು ದಿನವಾದರೂ ಕಡಿಮೆಯಾಗಿತ್ತೆ? ನೀರು ತುಂಬಿರುತ್ತಿತ್ತು. ಬಟ್ಟೆ ಒಗೆದಿರುತ್ತಿತ್ತು. ಅಂಗಳ ಸಾರಿಸಿರುತ್ತಿತ್ತು. ಆಸ್ಪತ್ರೆಗೆ ಒಯ್ದಾಗ ಡಾಕ್ಟರು ‘ಎಂಟು ತಿಂಗಳಿಂದ ಇದೆ, ಮನೆಯಲ್ಲಿ ಯಾರೂ ನೋಡಲಿಲ್ಲವೆ’ ಎಂದು ಕೇಳಿದರು. ನೀವು ‘ಎಲ್ಲಾ ನೆಟ್ಟಗೇ ನಡೆದಿತ್ತಲ್ಲ’ ಎಂದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ.

ಆ ನೀರನ್ನು ಹೊತ್ತವರು ಯಾರೆಂದು ನೀವು ಇವತ್ತಿನವರೆಗೂ ಕೇಳಿಲ್ಲ. ಇದೇ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ. ಎಂಟನೆಯ ಮಷಿನ್ನಿನವಳನ್ನು ಕೇಳಿ.

ಪದ್ಮಜಾ


ಬೈಲಹೊಂಗಲ
19 ಜನವರಿ 2002

ಪದ್ಮಾ,

ನಿನ್ನ ಪತ್ರದ ಎರಡನೆಯ ಭಾಗಕ್ಕೆ ಮೊದಲು ಉತ್ತರ ಬರೆಯಬೇಕೆಂದು ನಾಲ್ಕು ಸಲ ಕೂತೆ. ಆಗಲಿಲ್ಲ. ಮೊದಲನೆಯದರಿಂದ ಹೊರಡುತ್ತೇನೆ, ದಾರಿ ಅಲ್ಲಿಗೇ ಹೋಗುತ್ತದೆ.

ಸುಣ್ಣದ ಡಬ್ಬಿಯಲ್ಲಿ ನಲವತ್ತು ಚೀಟಿ ಹಾಕಿದೆ. ಹತ್ತಿಯ ಕೋಠಿಯಿಂದ ಜಿನ್ನಿನ ಮನೆಗೆ ಒಂದು ಬೆಳಕಿಂಡಿ ಇದೆ. ರಾಶಿಯ ಮೇಲೆ ಏರಿ ಹೊಟ್ಟೆಯ ಮೇಲೆ ಮಲಗಿದರೆ ಎರಡೂ ಸಾಲು ಕಾಣುತ್ತವೆ. ಧೋತರದ ತುಂಬ ಹತ್ತಿ, ಮೂಗಿನ ತುಂಬ ಹತ್ತಿ, ಹೀಗೆ ಮೂರು ದಿನ ಮಲಗಿದೆ. ಎರಡು ದಿನ ಏನೂ ಕಾಣಲಿಲ್ಲ, ಏಕೆಂದರೆ ನಾನು ಒಬ್ಬೊಬ್ಬಳನ್ನು ನೋಡುತ್ತಿದ್ದೆ.

ಮೂರನೆಯ ದಿನ ಹನ್ನೊಂದೂ ಇಪ್ಪತ್ತಕ್ಕೆ ಗುರುಬಸವ್ವನ ಕೈ ಎಣಿಸಲು ಹತ್ತಿದೆ. ಒಂದು ಹಿಡಿ ತನ್ನ ಮಷಿನ್ನಿಗೆ, ಎರಡು, ಮೂರು. ನಾಲ್ಕನೆಯ ಹಿಡಿ ಎಡಕ್ಕೆ ಹೋಯಿತು, ಕಾಡವ್ವನ ಮಷಿನ್ನಿನ ಬಾಯಿಗೆ. ತಲೆ ತಿರುಗಲಿಲ್ಲ, ಮಾತು ನಿಲ್ಲಲಿಲ್ಲ, ಎದುರಿನವಳಿಗೆ ಚಚಡಿಯ ತನ್ನ ಮಗಳ ಮನೆಯ ಎಮ್ಮೆಯ ಕಥೆ ಕೂಗಿ ಹೇಳುತ್ತಲೇ ಇದ್ದಳು. ಆಮೇಲೆ ನೋಡಿದರೆ ಒಂಬತ್ತನೆಯವಳ ಹಿಡಿ ಗುರುಬಸವ್ವನ ಮಷಿನ್ನಿನ ಬಾಯಿಗೆ ಬಿತ್ತು. ಹತ್ತರಿಂದ ಒಂಬತ್ತಕ್ಕೆ. ಮುನವಳ್ಳಿ ಕಾಲುವೆಯ ನೀರು ಹೊಲದಿಂದ ಹೊಲಕ್ಕೆ ಇಳಿದ ಹಾಗೆ ಹತ್ತಿ ಇಡೀ ಸಾಲಿನಲ್ಲಿ ಹರಿಯುತ್ತಿತ್ತು, ಎಲ್ಲಿ ತಗ್ಗಿದೆಯೋ ಅಲ್ಲಿಗೆ. ಹದಿನೈದರವಳು ನೀರು ಕುಡಿಯಲು ಎದ್ದು ಹೋದಳು. ಐದು ನಿಮಿಷ ಆ ಜಾಗದಲ್ಲಿ ಮನುಷ್ಯರೇ ಇರಲಿಲ್ಲ, ಮಷಿನ್ನು ಹಸಿದಿರಲಿಲ್ಲ!

ಮೂವತ್ತೊಂದು ವರ್ಷ ನಾನು ಆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಪದ್ಮಾ.

ಊಟದ ಹೊತ್ತಿನಲ್ಲಿ ಗುರುಬಸವ್ವನ ಹತ್ತಿರ ಹೋಗಿ, ನೋಡಿದ್ದನ್ನು ಹೇಳಿದೆ. ಅವಳು ರೊಟ್ಟಿ ಮುರಿಯುತ್ತ, “ಮುಯ್ಯಿ ರಿ ಅದು” ಎಂದಳು. ಹೊಲದಲ್ಲಿ ಕಳೆ ತೆಗೆಯುವಾಗ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು, ಕೂಲಿ ಇಲ್ಲ. ಸವದತ್ತಿ ಕಡೆಯ ಹಳ್ಳಿಗಳಿಂದ ಬಂದ ಅವರ ಅತ್ತೆಯರು ಅದನ್ನು ಜಿನ್ನಿನೊಳಗೆ ತಂದರಂತೆ. ಜ್ವರ ಬಂದವಳು, ಬಸುರಿ, ಮುದುಕಿ, ಮನೆಯಲ್ಲಿ ಜಗಳಾಡಿ ಬಂದವಳು, ಯಾರೂ ಕೇಳಬೇಕಿಲ್ಲ. ಪಕ್ಕದ ಕೈಗೆ ತಿಳಿಯುತ್ತದೆ.

“ಯಾರಿಗೆ ಎಷ್ಟು ಹಾಕಿದ್ರಿ ಅಂತ ಹ್ಯಾಂಗ ನೆನಪಿಡ್ತೀರಿ?” ಎಂದೆ.

“ಎಣಿಸಿದ್ರ ಅದು ಮುಯ್ಯಿ ಹೆಂಗಾಗತೈತ್ರಿ? ಕೂಲಿ ಆಗತೈತಿ.”

ಆಗ ಕೇಳಿದೆ, ನೀರಿನ ವಿಷಯ. ಅವಳು ರೊಟ್ಟಿ ಕೆಳಗಿಟ್ಟು ಹೇಳಿದಳು. ಎಂಟು ತಿಂಗಳು, ದಿನಾ ಬೆಳಿಗ್ಗೆ ಜಿನ್ನಿಗೆ ಬರುವ ಮೊದಲು. ನೀರು, ಬಟ್ಟೆ, ಅಂಗಳ. ನಾನು ಸ್ನಾನ ಪೂಜೆ ಮುಗಿಸುವಷ್ಟರಲ್ಲಿ ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋಗುತ್ತಿದ್ದಳಂತೆ. “ನಿಮ್ಮ ಲೀಲಾಬಾಯಾರು ಹೇಳಬ್ಯಾಡ ಅಂದಿದ್ರು. ಅವರು ಅದಕ್ಕಿಂತ ನಾಕ ವರ್ಷ ಮೊದಲ ನನ್ನ ಮಗಳು ಸಪ್ನಾನ ಬಾಣಂತನದಾಗ ಹದಿನೈದು ದಿನಾ ಕೂಸಿಗೆ ಎಣ್ಣಿ ನೀರು ಹಾಕ್ಯಾರ್ರಿ. ನಿಮಗ ಅದೂ ಗೊತ್ತಿಲ್ಲೇನು?”

ಅದೂ ಗೊತ್ತಿರಲಿಲ್ಲ.

ಲೇಬರ್ ಇಸ್ ಎ ಪೆರಿಶೆಬಲ್ ಕಮಾಡಿಟಿ ಎಂದು ನಮ್ಮ ಪ್ರೊಫೆಸರು ಬರೆಸಿದ್ದರು. ದುಡಿಮೆ ಹಾಲಿನ ಹಾಗೆ, ಇವತ್ತಿನದು ನಾಳೆಗೆ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಸುಳ್ಳು, ಪದ್ಮಾ. ಉಳಿಯುತ್ತದೆ. ನಾಲ್ಕು ವರ್ಷ ಉಳಿದು, ಬೇಕಾದ ದಿನ ಕೊಡ ಹೊತ್ತು ಬಾಗಿಲಿಗೆ ಬರುತ್ತದೆ.

ಇದನ್ನೆಲ್ಲ ಸಾವಕಾರರಿಗೂ ಆ ಹುಡುಗನಿಗೂ ತಿಳಿಸಲೇಬೇಕು. ಓದಿದರೆ ಒಬ್ಬಳನ್ನೂ ಬಿಡುವ ಮನಸ್ಸು ಬಾರದು. ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ, ಯಾವ ಕೈಯಿಂದ ಯಾವ ಮಷಿನ್ನಿಗೆ ಹೋಗುತ್ತದೆ ಎಂಬುದಕ್ಕೆ ಬಾಣದ ಗುರುತಿನ ಚಿತ್ರವೂ ಇದೆ. ನಾಳೆ ಕೊಡುತ್ತೇನೆ.

ನಿನ್ನ ಮಾತಿಗೆ ಕೊಡಬೇಕಾದ ಉತ್ತರ ಇದರಲ್ಲಿ ಇಲ್ಲವೆಂದು ನನಗೆ ಗೊತ್ತಿದೆ.

ಅಪ್ಪ


ಕೊಲ್ಲಾಪುರ
23 ಜನವರಿ 2002

ಅಪ್ಪಾ,

ನಿಮ್ಮ ಪತ್ರ ಈಗ ಬಂತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಆ ನಾಲ್ಕು ಪುಟ ಕೊಡಬೇಡಿ. ಚಿತ್ರವನ್ನಂತೂ ಬೇಡವೇ ಬೇಡ. ನನ್ನ ಕೆಲಸ ಏನೆಂದು ನಿಮಗೆ ಗೊತ್ತಿಲ್ಲ. ಅಂಥ ಚಿತ್ರ ಕೈಗೆ ಸಿಕ್ಕರೆ ನಾನು ಮೊದಲು ಮಾಡುವುದೇನೆಂದು ನನಗೆ ಗೊತ್ತಿದೆ. ಕೊಟ್ಟಿದ್ದರೆ ತಪ್ಪಾಗಿದೆ ಎಂದು ಹೇಳಿ ಹಿಂದಕ್ಕೆ ತೆಗೆದುಕೊಳ್ಳಿ.

ಪದ್ಮಾ


ಬೈಲಹೊಂಗಲ
12 ಫೆಬ್ರುವರಿ 2002

ಪದ್ಮಾ,

ನಿನ್ನ ಪತ್ರ ಬರುವ ಐದು ದಿನ ಮೊದಲೇ ಕೊಟ್ಟಿದ್ದೆ.

ಸುಮೇಧ ಓದಿ ಎದ್ದು ನಿಂತು ಕೈಕುಲುಕಿದ. “ಸರ್, ಹ್ಯಾಟ್ಸ್ ಆಫ್” ಎಂದ. ಅವತ್ತು ನಾನು ಪೇಟೆಯಿಂದ ನಡೆದು ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮರುವಾರ ಬಡಿಗೇರ ಮಡಿವಾಳೆಪ್ಪ ಚಕ್ಕಡಿಯ ತುಂಬ ಹಲಗೆ ಹೇರಿಕೊಂಡು ಬಂದ.

“ಏನೋ ಇದು?”

“ಎರಡೆರಡು ಮಷಿನ್ನಿನ ನಡುವ ಅಡ್ಡ ಹಲಗಿ ಬಡೀಬೇಕಂತ್ರಿ, ಎದಿಮಟಾ. ಅಳತಿ ತಗೋಳೂ ತ್ರಾಸs ಆಗ್ಲಿಲ್ಲ ನೋಡ್ರಿ, ನೀವು ಬರದ ಚಿತ್ರದಾಗ ಎಲ್ಲಾ ನೀಟಾಗಿ ಇತ್ತು.”

ಅವನು ಹೊಗಳಿದನೆಂದೇ ತಿಳಿದಿದ್ದಾನೆ.

ಹಿಂದಕ್ಕೆ ಕೊಡಿ ಎಂದು ಹೋಗಿ ಕೇಳಿದೆ. ತಪ್ಪಾಗಿದೆ ಎಂದೆ. ಸುಮೇಧ ನಿಜವಾಗಿಯೂ ಬೇಸರಪಟ್ಟುಕೊಂಡು, “ನಿಮ್ಮ ಆಬ್ಸರ್ವೇಶನ್ ಪರ್ಫೆಕ್ಟ್ ಇದೆ ಸರ್” ಎಂದ. ಹಲಗೆ ಬಿದ್ದ ಮರುದಿನದಿಂದ ಅಂಕಿ ಹರಡಿದೆ. ಗುರುಬಸವ್ವ ಇಪ್ಪತ್ತೈದು. ಕಾಡವ್ವ ಒಂಬತ್ತು. ಉಳಿದವರು ನಡುವೆ ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲೆ. ಪಟ್ಟಿ ತಾನೇ ತಯಾರಾಗುತ್ತಿದೆ, ನೀನು ಹೇಳಿದ ಹಾಗೆ ನಾನು ಆರಿಸಬೇಕಾದದ್ದು ಏನೂ ಇಲ್ಲ.

ಒಂದು ಮಾತು ಮಾತ್ರ. ಎಲ್ಲ ಬುಟ್ಟಿ ಕೂಡಿಸಿದರೆ ಮೊದಲು ಗಂಟೆಗೆ ನಾಲ್ಕುನೂರಾ ಮೂವತ್ತೆರಡು ಕಿಲೋ ಆಗುತ್ತಿತ್ತು. ಈಗ ಮುನ್ನೂರಾ ಎಪ್ಪತ್ತು. ನೀರು ಕುಡಿಯಲು ಎದ್ದರೆ ಮಷಿನ್ನು ಬರಿಬಾಯಿಯಲ್ಲಿ ತಿರುಗುತ್ತದೆ. ಅದು ಬರಿಯ ಕರುಣೆಯಾಗಿರಲಿಲ್ಲ, ಪದ್ಮಾ, ಅದೇ ಜಿನ್ನನ್ನು ನಡೆಸುತ್ತಿತ್ತು. ಹುಡುಗನಿಗೆ ತೋರಿಸಿದೆ. “ಈ ಹಂಗಾಮಿನ ಲಾಸ್ ಅಷ್ಟೇ ಸರ್, ಮುಂದೆ ರಬ್ಬರ್ ಪಟ್ಟಿ ಉಣಿಸ್ತದಲ್ಲ” ಎಂದ.

ಈಗ ನನ್ನನ್ನು ಕಂಡು ಯಾರೂ ನಗುವುದಿಲ್ಲ. ನಗುತ್ತಿದ್ದಾಗ ಅದರ ಬೆಲೆ ತಿಳಿದಿರಲಿಲ್ಲ. ಕಾಡವ್ವ ಒಬ್ಬಳೇ ಮಾತಾಡಿದಳು, ಅದೂ ಒಂದೇ ಸಲ. “ನೋಡಿದ್ದು ಛಲೋ ಆತು ಸಾಹೇಬ್ರ. ಹೇಳಿದ್ದು ಯಾಕ?”

ಅಪ್ಪ


ಬೈಲಹೊಂಗಲ
3 ಮಾರ್ಚ್ 2002

ಪದ್ಮಾ,

ಈ ಪತ್ರವನ್ನು ಕೂತು ಓದು.

ಫೆಬ್ರುವರಿ ಹದಿನೆಂಟರ ಸೋಮವಾರ, ಹತ್ತು ಗಂಟೆಯ ತೂಕ. ಒಂದನೆಯ ಬುಟ್ಟಿ ಒಂಬತ್ತು ಕಿಲೋ. ಎರಡನೆಯದು ಒಂಬತ್ತು. ಮೂರು, ಒಂಬತ್ತು. ಎಂಟು, ಗುರುಬಸವ್ವ, ಒಂಬತ್ತು. ಇಪ್ಪತ್ನಾಲ್ಕರ ತನಕ ಒಂಬತ್ತು. ಕಾಡವ್ವನನ್ನು ತಮ್ಮ ಮಟ್ಟಕ್ಕೆ ಎತ್ತಲು ಹಲಗೆ ಬಿಡಲಿಲ್ಲ, ಅವರೆಲ್ಲ ಕಾಡವ್ವನ ಮಟ್ಟಕ್ಕೆ ಇಳಿದರು!

ಹಲಗೆ ಇದ್ದೂ ಅವರಿಗೆ ಕಾಡವ್ವನ ವೇಗ ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀ. ನಾನೂ ಬೆಳಕಿಂಡಿಗೆ ಹೋದೆ. ಎರಡು ಸಾಲು ಎದುರುಬದುರು. ಹಲಗೆ ಮಗ್ಗುಲಿನವಳನ್ನು ಮುಚ್ಚಿದೆ, ಎದುರಿನವಳನ್ನಲ್ಲ. ಎದುರಿನ ಸಾಲಿನವರು ಕಾಡವ್ವನ ಕೈ ನೋಡುತ್ತಾರೆ, ಅವರ ಕೈ ನೋಡಿ ಈ ಸಾಲಿನವರು. ಅವಳು ಹಿಡಿ ಎತ್ತಿದಾಗ ಇಪ್ಪತ್ನಾಲ್ಕು ಹಿಡಿ ಏಳುತ್ತವೆ. ಗುರುಬಸವ್ವನಂಥ ಕೈಗೆ ಅಷ್ಟು ನಿಧಾನ ಹೋಗುವುದು ಎಂಥ ಕಷ್ಟವಿರಬೇಕು! ಅವಳ ಹಣೆಯಲ್ಲಿ ಬೆವರಿತ್ತು. ಹಾಗೆ ಆರು ದಿನ. ದೇವರ ಮನೆಯಲ್ಲಿ ಕೂತಾಗ ಬರದ ಭಾವ ನನಗೆ ಆ ಧೂಳಿನಲ್ಲಿ ಬಂತು ಎಂದರೆ ನಿನ್ನ ಅವ್ವ ಇದ್ದಿದ್ದರೆ ಬೈಯುತ್ತಿದ್ದಳು.

ಅಂಗಳದಲ್ಲಿ ರಾಮದುರ್ಗ, ಮುನವಳ್ಳಿಯ ಟ್ರ್ಯಾಕ್ಟರುಗಳು ಗೇಟಿನ ಹೊರಗಿನ ರಸ್ತೆಯವರೆಗೆ ನಿಂತವು. ರೈತರು ಬೇರೆ ಜಿನ್ನಿಗೆ ತಿರುಗಿಸಲು ಹತ್ತಿದರು. ಶನಿವಾರ ಸಾವಕಾರರು ತಾವೇ ಒಳಗೆ ಬಂದರು, ಹಿಂದೆ ಸುಮೇಧ, ಹಿಂದೆ ನಾನು.

“ಏನ ನಡಸೀರಿ ಇದು?” ಎಂದರು.

“ಅರ್ಧ ಮಂದಿ ಸಾಕಂದ್ರಲ್ರಿ ಸಾವಕಾರ್ರ” ಎಂದಳು ಗುರುಬಸವ್ವ, ಕೈ ನಿಲ್ಲಿಸದೆ. “ನಾವೂ ಅರ್ಧ ಸಾಕಂದ್ವಿ.”

ಇನ್ನೂರಾ ಹದಿನಾರು ಕಿಲೋ. ಸರಿಯಾಗಿ ಅರ್ಧ. ನಾನೇ ಕೂಡಿಸಿದ್ದೆ, ನನಗೆ ಹೊಳೆದಿರಲಿಲ್ಲ.

ಬಸಲಿಂಗಪ್ಪನವರು ಕಟುಕರಲ್ಲ. ಹೊಸ ಮಷಿನ್ನು ನಿಲ್ಲುವುದಿಲ್ಲ, ಹನ್ನೆರಡೇ ಜಾಗ ಇರುವುದು, ಬೇಕಾದರೆ ನೀವೇ ಹೆಸರು ಹೇಳಿರಿ ಎಂದರು. ಆಗ ಕಾಡವ್ವ ಎದ್ದು ನಿಂತು, “ಮೊದಲ ನನ್ನ ಹೆಸರು ಹೊಡದ ಹಾಕ್ರಿ, ನಾ ಹೋಗ್ತೇನಿ” ಎಂದಳು. ಗುರುಬಸವ್ವ ಅವಳ ಸೆರಗು ಜಗ್ಗಿ ಕೂರಿಸಿದಳು. “ನೀ ಹೋದ್ರ ನಾವು ಯಾರಿಗೆ ಹಾಕೂದಬೇ? ಸುಮ್ಮ ಕುಂದ್ರು.” ಆಮೇಲೆ ಸಾವಕಾರರಿಗೆ ಹೇಳಿದಳು: ಜಾಗ ಹನ್ನೆರಡಿರಲಿ, ಮಂದಿ ಇಪ್ಪತ್ನಾಲ್ಕು. ಒಂದು ವಾರ ಇವರು, ಒಂದು ವಾರ ಅವರು. ಬಿಟ್ಟ ವಾರ ಹೊಲದ ಕೆಲಸ.

“ವಾರಕ್ಕೊಂದು ತಂಡ ಬಂದ್ರ ಹೊಸಾ ಮಷಿನ್ ಎಷ್ಟ ಮಂದಿಗೆ ಕಲಸಲಿ ನಾ?”

“ಒಬ್ಬಾಕಿಗೆ ಕಲಸ್ರಿ. ಎಲ್ಲಾರಿಗೂ ಬರತೈತಿ.”

ಸುಮೇಧ ನನ್ನ ಕಡೆ ತಿರುಗಿ, “ಸರ್, ಒಂದು ಪೋಸ್ಟಿಗೆ ಎರಡು ಹೆಸರು ಇರೋದಿಲ್ಲ, ನೀವಾದರೂ ಹೇಳಿ” ಎಂದ. ಎಲ್ಲರೂ ನನ್ನನ್ನು ನೋಡಿದರು. ಪಟ್ಟಿ ಕೊಡಬೇಕಾದವನು ನಾನೇ ತಾನೆ? ಅಲ್ಲಿಯೇ ತಕ್ಕಡಿಯ ಮೇಲೆ ಹಾಳೆ ಇಟ್ಟು ಹನ್ನೆರಡು ಗೆರೆ ಎಳೆದೆ, ಒಂದೊಂದು ಗೆರೆಯ ಮೇಲೆ ಎರಡೆರಡು ಹೆಸರು ಬರೆದೆ. ನಂಬರು ಅಲ್ಲ. ಕೈ ನಡುಗಿತು. ಕಾಡವ್ವನ ಜೊತೆ ಗುರುಬಸವ್ವ. ಕೆಳಗೆ ನನ್ನ ಸಹಿ ಹಾಕಿ ಸಾವಕಾರರ ಕೈಗೆ ಕೊಟ್ಟೆ.

ಅವರು ಹೊರಗಿನ ಟ್ರ್ಯಾಕ್ಟರುಗಳನ್ನು ನೋಡಿದರು, ಹಾಳೆ ನೋಡಿದರು. “ಮಡಿವಾಳೆಪ್ಪನ್ನ ಕರೀರಿ, ಹಲಗಿ ಕೀಳಲಿ” ಎಂದರು. ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಗೆದ್ದರೆಂದು ಹೇಳಲಾರೆ. ಮುಂದಿನ ವರ್ಷ ಒಬ್ಬೊಬ್ಬಳ ಮನೆಗೆ ಅರ್ಧ ಕೂಲಿ ಹೋಗುತ್ತದೆ, ಅದನ್ನು ಅವರು ಕಣ್ಣು ತೆರೆದೇ ಆರಿಸಿಕೊಂಡರು. ಒಬ್ಬಳೂ ಅಳಲಿಲ್ಲ, ಒಬ್ಬಳೂ ಹಿಗ್ಗಲಿಲ್ಲ. ಮಧ್ಯಾಹ್ನದ ತೂಕ ಹದಿನೆಂಟು.

ಅಪ್ಪ


ಬೈಲಹೊಂಗಲ
30 ಏಪ್ರಿಲ್ 2002

ಪದ್ಮಾ,

ನಿನ್ನ ಪತ್ರ ಬಂತು. ನಿನ್ನ ಪಟ್ಟಿಯ ಆ ಮೂವತ್ತೊಂದು ಜನರಲ್ಲಿ ಒಬ್ಬರ ಮನೆಗೆ ಹೋಗಿದ್ದೆ ಎಂದಷ್ಟೇ ಬರೆದಿದ್ದೀ. ಏನು ಮಾತಾಯಿತೆಂದು ನಾನು ಕೇಳುವುದಿಲ್ಲ. ಮೇ ಎರಡನೆಯ ವಾರ ಬರುತ್ತೇನೆ ಎಂದೂ ಬರೆದಿದ್ದೀ. ಆ ಸಾಲನ್ನು ಬೇರೆಯಾಗಿ ಓದಿದೆ, ಬಹಳ ಸಲ.

ಆಸ್ಪತ್ರೆಯಲ್ಲಿ ನಾನು ಅಂದ ಮಾತು ನಿಜ. ಎಲ್ಲಾ ನೆಟ್ಟಗೇ ನಡೆದಿತ್ತು. ನಡೆಸಿದವರ ಕಡೆ ನಾನು ನೋಡಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ನೀನು ಬಂದಾಗ ಸುಮ್ಮನೆ ಎದುರು ಕೂರುತ್ತೇನೆ, ನೀನು ಬೈ.

ಇನ್ನೊಂದು ಸುದ್ದಿ. ಹೊಸ ಮಷಿನ್ನಿನಲ್ಲಿ ಎಣಿಸುವ ಡಬ್ಬಿ ಅದರೊಳಗೇ ಇದೆಯಂತೆ, ಟೈಮ್‌ಕೀಪರ್ ಬೇಕಿಲ್ಲ. ಸುಮೇಧ ಇದನ್ನು ಹೇಳುವಾಗ ನೆಲ ನೋಡಿದ. ನಾನೇ ಅವನ ಬೆನ್ನು ತಟ್ಟಿದೆ. ಹಾಗಾಗಿ ಇವತ್ತು ಹಂಗಾಮಿನ ಕೊನೆಯ ದಿನ, ನನ್ನದೂ.

ಗುರುಬಸವ್ವ ಇರಲಿಲ್ಲ, ಮಗಳಿಗೆ ಆರಾಮಿಲ್ಲವೆಂದು ಚಚಡಿಗೆ ಹೋಗಿದ್ದಾಳೆ. ಅವಳ ಮಷಿನ್ನು ನಡೆದೇ ಇತ್ತು, ಎರಡೂ ಮಗ್ಗುಲಿನಿಂದ ಹಿಡಿ ಬೀಳುತ್ತಿದ್ದವು. ನಾನು ಬಾಗಿಲ ಕುರ್ಚಿಯಲ್ಲಿದ್ದೆ. ಆ ಹಲಗೆಯ ದಿನದಿಂದ, ಕಾಡವ್ವನ ಆ ಒಂದು ಮಾತು ಬಿಟ್ಟರೆ, ಕೆಲಸದ ಮಾತಿಗಿಂತ ಹೆಚ್ಚು ಯಾರೂ ನನ್ನ ಜೊತೆ ಆಡಿರಲಿಲ್ಲ. ಮೂರು ಗಂಟೆಗೆ ಕಾಡವ್ವ ಅಲ್ಲಿಂದಲೇ ಕೂಗಿದಳು.

“ಸಾಹೇಬ್ರ! ಎಂಟನೇದು ಖಾಲಿ ಐತಿ. ಮುಯ್ಯಿಗೆ ಬರ್ರಿ.”

“ನನಗ ಬರೂದಿಲ್ಲಬೇ” ಎಂದೆ.

“ಬರಾಂಗಿಲ್ಲಂತ ಗೊತ್ತೈತಿ. ಬರ್ರಿ.”

ಅಂಗಿಯ ತೋಳು ಮಡಚಿ ಹೋಗಿ ನಿಂತೆ. ಏನು ಹೇಳಲಿ! ದೂರದಿಂದ ಅದು ಉಣಿಸಿದ ಹಾಗೆ ಕಾಣುತ್ತದೆ. ಹತ್ತಿರ ನಿಂತರೆ ಮಷಿನ್ನು ಕೈಯನ್ನೇ ಕೇಳುತ್ತದೆ. ಹತ್ತಿಯನ್ನು ಬಿಡಿಸಿ ಹರಡಿ ಹಾಕಬೇಕು, ಗಂಟು ಹೋದರೆ ಅದು ಕೆಮ್ಮುತ್ತದೆ. ನನ್ನ ಹಿಡಿ ಅರ್ಧ ನೆಲಕ್ಕೆ ಬಿತ್ತು. ಎದುರಿನ ಸಾಲು ಬಿದ್ದು ಬಿದ್ದು ನಕ್ಕಿತು. “ನೆಲಾ ಹಸದೈತೇನ್ರಿ ಸಾಹೇಬ್ರ?” ನನಗೆ ಎಷ್ಟು ಹಗುರಾಯಿತೆಂದರೆ, ಇನ್ನೂ ಎರಡು ಹಿಡಿ ಬೀಳಿಸಿದೆ.

ಹತ್ತು ನಿಮಿಷಕ್ಕೆ ಹೆಗಲು ಸೋತಿತು, ಇಪ್ಪತ್ತಕ್ಕೆ ಬೆರಳು ಮರಗಟ್ಟಿತು. ತಲೆ ಎತ್ತಲಿಲ್ಲ, ನಾಚಿಕೆ. ಆಗ ಎಡಗಡೆಯಿಂದ ಒಂದು ಹಿಡಿ ಬಂದು ನನ್ನ ಮಷಿನ್ನಿನ ಬಾಯಿಗೆ ಬಿತ್ತು. ಸಣ್ಣ ಹಿಡಿ, ಮೂರು ಬೆರಳಿನದು. ಕಾಡವ್ವ ನನ್ನ ಕಡೆ ನೋಡುತ್ತಿರಲಿಲ್ಲ, ಎದುರಿನವಳಿಗೆ ಏನೋ ಹೇಳಿ ಬೈಯುತ್ತಿದ್ದಳು. ಬಲಗಡೆ ಒಂಬತ್ತರಿಂದಲೂ ಬಂತು. ನಾನು ಥ್ಯಾಂಕ್ಸ್ ಎನ್ನಲು ಬಾಯಿ ತೆರೆದೆ. ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ, ಕೇಳಿದ್ದರೆ ಅದು ಕೂಲಿಯಾಗುತ್ತಿತ್ತು. ಬಾಯಿ ಮುಚ್ಚಿ ಕೈ ಆಡಿಸಿದೆ.

ನಾಲ್ಕು ಗಂಟೆಗೆ ಮಷಿನ್ನುಗಳನ್ನು ತಿರುಗಿಸುವ ಪಟ್ಟಾ ನಿಂತಿತು. ಪದ್ಧತಿಯಂತೆ ಇಪ್ಪತ್ನಾಲ್ಕೂ ಬುಟ್ಟಿಯನ್ನು ನಾನೇ ತೂಗಿದೆ, ಎಂಟನೆಯದನ್ನು ಕೊನೆಗೆ. ನನ್ನ ಕೈಯಿಂದ ಹೋದದ್ದು ಐದು ಕಿಲೋ ದಾಟಿರಲಾರದು, ಪದ್ಮಾ, ಎಷ್ಟು ಧಾರಾಳವಾಗಿ ಲೆಕ್ಕ ಹಾಕಿದರೂ.

ಹದಿನೆಂಟು.

ಅಪ್ಪ